ಪೂರ್ವದ ಗ್ಯಾಲರಿಯ ಏಳು ಗಾಜು

ಲೀಗಿನ ಕಚೇರಿಯಲ್ಲಿ ಎಲ್ಲರೂ ಅವನನ್ನು ಬಿರುಕಪ್ಪ ಎಂದೇ ಕರೆಯುತ್ತಿದ್ದರು. ಹೊಸ ಜಾಗಕ್ಕೆ ಹೋದರೆ ಉಳಿದವರು ಮೊದಲು ಕುರ್ಚಿ ಹುಡುಕುತ್ತಾರೆ, ಇವನು ಗೋಡೆಯ ಬಿರುಕು ಹುಡುಕುತ್ತಾನೆ ಎಂದು ಯಾರೋ ತಮಾಷೆಗೆ ಇಟ್ಟ ಹೆಸರು. ಅವನಿಗೇನೂ ಬೇಸರವಿರಲಿಲ್ಲ. ಗಾರೆ ಕೆಲಸದವನ ಮಗ, ಮೀಸೆ ಮೂಡುವ ಮೊದಲೇ ಕರಣೆ ಹಿಡಿದವನು, ಓದಿಗಿಂತ ಗೋಡೆಗಳಿಂದಲೇ ಹೆಚ್ಚು ಕಲಿತವನು. ಮೈದಾನದ ಗ್ಯಾಲರಿಗಳಲ್ಲಿ ಜನ ಕೂರಬಹುದೋ ಕೂರಬಾರದೋ ಎಂದು ಹೇಳುವುದು ಈಗ ಅವನ ಕೆಲಸ. ಅವನ ರುಜು ಬೀಳದೆ ಲೀಗಿನ ಯಾವ ಗೇಟೂ ತೆರೆಯುವಂತಿರಲಿಲ್ಲ.

ಆ ವರ್ಷ ಫುಟ್‌ಬಾಲ್ ಲೀಗಿಗೆ ಇನ್ನೆರಡು ತಂಡ ಸೇರಿಸಬೇಕೆಂದು ತೀರ್ಮಾನವಾಗಿತ್ತು. ಹನ್ನೆರಡಿದ್ದದ್ದು ಹದಿನಾಲ್ಕಾಗಬೇಕು. ಏಳು ಊರುಗಳು ಅರ್ಜಿ ಹಾಕಿದವು. ಸಭೆಯ ಕೋಣೆಯ ಗೋಡೆಯ ಮೇಲೆ ನಕ್ಷೆ ತೂಗುಹಾಕಿ, ಏಳು ಗುಂಡುಪಿನ್ನು ಚುಚ್ಚಿ, ರೈಲು ಎಲ್ಲಿ ನಿಲ್ಲುತ್ತದೆ, ಆಟಗಾರರಿಗೆ ಇಳಿದುಕೊಳ್ಳಲು ರೂಮು ಎಲ್ಲಿ ಸಿಗುತ್ತದೆ, ಮಳೆ ಬಂದರೆ ನೀರು ಎಲ್ಲಿ ನಿಲ್ಲುತ್ತದೆ ಎಂದು ಮೂರು ತಿಂಗಳು ತಲೆ ಕೆಡಿಸಿಕೊಂಡ ಮೇಲೆ ನಾಲ್ಕು ಪಿನ್ನು ಹೊರಬಂದವು. ಉಳಿದ ಮೂರರಲ್ಲಿ ಬಂದರಿನ ಊರು ಖಾಯಂ ಆಯಿತು. ಇನ್ನೊಂದು ಜಾಗಕ್ಕೆ ಗುಡ್ಡದ ಊರು ಮತ್ತು ಪಿಂಗಾಣಿ ಊರು ಪೈಪೋಟಿಗೆ ಬಿದ್ದವು. ಗುಡ್ಡದ ಊರಿನಲ್ಲಿ ಮೈದಾನ ಹೊಸದು, ಆದರೆ ಜನ ಆಟಕ್ಕೆ ಆಕಳಿಸುವವರು. ಪಿಂಗಾಣಿ ಊರಿನಲ್ಲಿ ಮೈದಾನ ಹಳೆಯದು, ಆದರೆ ಅಲ್ಲಿ ಚೆಂಡು ಕಂಡರೆ ಮುದುಕರೂ ಚಪ್ಪಲಿ ಬಿಟ್ಟು ಓಡುತ್ತಾರೆ.

ಪಿಂಗಾಣಿ ಊರಿನ ಪೂರ್ವದ ಗ್ಯಾಲರಿಯ ಕೆಳಗೆ ಒಂದು ಬಿರುಕಿತ್ತು. ಬಿರುಕು ಎಲ್ಲ ಕಡೆ ಇರುತ್ತದೆ. ಅದು ಸತ್ತ ಬಿರುಕೋ, ಇನ್ನೂ ಬದುಕಿರುವ ಬಿರುಕೋ ಎನ್ನುವುದೇ ಮುಖ್ಯ. ಅದನ್ನು ತಿಳಿಯಲು ಬಿರುಕಪ್ಪನ ಬಳಿ ಅಪ್ಪನ ಕಾಲದ ಒಂದು ಉಪಾಯವಿತ್ತು. ಬೆರಳಗಲದ ತೆಳು ಗಾಜಿನ ಪಟ್ಟಿಯನ್ನು ಬಿರುಕಿನ ಮೇಲೆ ಅಡ್ಡಲಾಗಿ ಇಟ್ಟು, ಎರಡೂ ತುದಿಯನ್ನು ಗಾರೆಯಿಂದ ಗೋಡೆಗೆ ಕೂರಿಸುವುದು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಟಕ್ ಎಂದು ಮುರಿಯುತ್ತದೆ. ಆರು ವಾರದ ಹಿಂದೆ ಅವನು ಅಲ್ಲಿ ಏಳು ಪಟ್ಟಿ ಅಂಟಿಸಿ, ಮೊಳೆಯಿಂದ ತಾರೀಕು ಗೀಚಿ ಬಂದಿದ್ದ. ಏಳೂ ಉಳಿದರೆ ಪಿಂಗಾಣಿ ಊರು. ಒಂದು ಒಡೆದರೂ ಗುಡ್ಡದ ಊರು.

ಇವತ್ತು ಅದನ್ನು ನೋಡುವ ದಿನ.

"ನಾಲ್ಕು ಗಂಟೆಗೆ ನಾನು ಮೈಕ್ ಹಿಡೀಬೇಕು," ಎಂದರು ಲೀಗಿನ ಅಧ್ಯಕ್ಷೆ, ಕಾರಿನಲ್ಲಿ. ಒಂದು ಕಾಲದ ಗೋಲ್‌ಕೀಪರ್ ಅವರು. ಹತ್ತು ಬೆರಳಲ್ಲಿ ಆರು ಸೊಟ್ಟ. "ಹೌದು ಅನ್ನಲೋ ಇಲ್ಲ ಅನ್ನಲೋ, ಅದನ್ನ ನೀವು ಮೂರೂವರೆ ಒಳಗೆ ನನ್ನ ಕಿವೀಲಿ ಹೇಳ್ಬೇಕು."

"ನಮ್ಮಕ್ಕನ ಊರು ಮೇಡಂ. ಬೇರೆಯವರನ್ನ ಕಳಿಸಿ ಅಂತ ಮೊದಲೇ ಹೇಳಿದ್ದೆ."

"ಬೇರೆಯವರಿಗೆ ಗಾಜು ಅಂಟಿಸೋಕೆ ಬರಲ್ಲ. ಅಲ್ಲದೆ ಅಕ್ಕ ಇದ್ರೆ ಊಟಕ್ಕೆ ಅನುಕೂಲ," ಎಂದು ಅವರು ಕಿಟಕಿಯ ಕಡೆ ತಿರುಗಿಕೊಂಡರು. ಡ್ರೈವರ್ ನಕ್ಕ. ಬಿರುಕಪ್ಪನಿಗೆ ನಗು ಬರಲಿಲ್ಲ. ಆ ಮೈದಾನವನ್ನು ನೋಡಿಕೊಳ್ಳುವವನು ಅಕ್ಕನ ಗಂಡ. ಪಿಂಗಾಣಿ ಕಾರ್ಖಾನೆಯ ತಂಡದಲ್ಲಿ ಹದಿನಾಲ್ಕು ವರ್ಷ ಆಡಿದವನು ಭಾವ. ಕಾರ್ಖಾನೆ ಮುಚ್ಚಿತು, ತಂಡ ಚೆದುರಿತು, ಜೊತೆಯ ಆಟಗಾರರು ಊರು ಬಿಟ್ಟರು. ಅವನು ಮಾತ್ರ ಆ ಹುಲ್ಲನ್ನು ಕತ್ತರಿಸುತ್ತ, ಸುಣ್ಣದ ಗೆರೆ ಎಳೆಯುತ್ತ, ಬರದೇ ಇರುವ ತಂಡಕ್ಕಾಗಿ ಇಪ್ಪತ್ತು ವರ್ಷ ಕಾದಿದ್ದ.

ಮೈದಾನದ ಗೇಟಿಗೆ ತಲುಪುವ ಮೊದಲೇ ಸದ್ದು ಕೇಳಿಸಿತು. ಡೋಲಿನ ಸದ್ದು, ಅದರ ಹಿಂದೆ ಸಾವಿರಾರು ಕಾಲುಗಳು ಒಟ್ಟಿಗೆ ಬೀಳುವ ಸದ್ದು. ಬಿರುಕಪ್ಪ ಕಾರು ನಿಲ್ಲುವ ಮೊದಲೇ ಬಾಗಿಲು ತೆಗೆದ. ಪೂರ್ವದ ಗ್ಯಾಲರಿಯ ಇಪ್ಪತ್ತೆರಡು ಸಾಲೂ ತುಂಬಿ ತುಳುಕುತ್ತಿದ್ದವು.

ಭಾವ ದಾಪುಗಾಲು ಹಾಕುತ್ತ ಬಂದ. ಸೊಂಟದಲ್ಲಿ ಕೀಲಿಗೊಂಚಲು, ಮೈಮೇಲೆ ಇಸ್ತ್ರಿ ಮಾಡಿದ ಅಂಗಿ, ಮುಖ ತುಂಬ ಬೆವರು ಮತ್ತು ಸಂತೋಷ. "ನೋಡಿದ್ಯೇನಯ್ಯಾ! ಅರ್ಧ ಊರೇ ಬಂದು ಕೂತಿದೆ. ಉಳಿದರ್ಧ ದಾರೀಲಿದೆ!"

"ಭಾವ, ನಾನು ನೋಡೋವರೆಗೂ ಯಾರನ್ನೂ ಹತ್ತಿಸ್ಬೇಡಿ ಅಂದಿದ್ದೆನಲ್ಲ."

"ಗಾಜೆಲ್ಲ ನೆಟ್ಟಗಿದೆ ಕಣಯ್ಯಾ. ಬೆಳಿಗ್ಗೆ ತಾನೇ ಬಗ್ಗಿ ನೋಡ್ದೆ. ಏಳಕ್ಕೆ ಏಳೂ!" ಆಮೇಲೆ ಅಧ್ಯಕ್ಷೆಗೆ ಕೇಳುವಂತೆ ದನಿ ಏರಿಸಿದ. "ಗಿರಾಕಿ ಬಂದಾಗ ಅಂಗಡಿ ಸಾಮಾನನ್ನ ಮಂಚದ ಕೆಳಗೆ ಬಚ್ಚಿಡ್ತಾರಾ?"

ಅಧ್ಯಕ್ಷೆ ನಕ್ಕರು. ಜನರನ್ನು ನೋಡಿ ಅವರ ಕಣ್ಣು ಮಿನುಗುತ್ತಿತ್ತು. ಬಿರುಕಪ್ಪ ಟಾರ್ಚು ತೆಗೆದುಕೊಂಡು ಗ್ಯಾಲರಿಯ ಹಿಂದಿನ ಸಣ್ಣ ಬಾಗಿಲಿನಿಂದ ಒಳಗೆ ನುಗ್ಗಿದ.

ಗ್ಯಾಲರಿಯ ಹೊಟ್ಟೆಯೊಳಗಿನ ಓಣಿ ಅದು. ಮೇಲಿನ ಮೆಟ್ಟಿಲುಗಳೇ ಅದರ ಸೂರು. ಒಂದು ಕಡೆ ತಲೆ ಎತ್ತಿ ನಡೆಯಬಹುದು, ಇನ್ನೊಂದು ಕಡೆ ತೆವಳಬೇಕು. ಹಸಿ ಸುಣ್ಣದ ವಾಸನೆ. ಮೂಲೆಯಲ್ಲಿ ಭಾವನ ಬಕೀಟುಗಳು, ಅವುಗಳ ತುಂಬ ಕಪ್ಪಿನ ಹಿಡಿಗಳು, ಬಸಿಯ ಚೂರುಗಳು. ಹಿಂದೆ ಈ ಜಾಗ ಕಾರ್ಖಾನೆಯ ತಿಪ್ಪೆಗುಂಡಿಯಾಗಿತ್ತು. ಒಡೆದ ಕಪ್ಪುಬಸಿಗಳನ್ನೆಲ್ಲ ಎಷ್ಟೋ ವರ್ಷ ಇಲ್ಲಿ ಸುರಿದು, ಮೇಲೆ ಮಣ್ಣು ಹೊದಿಸಿ, ಕೆಲಸಗಾರರಿಗೆ ಆಡಲು ಬಿಟ್ಟುಕೊಟ್ಟಿದ್ದರು. ಈಗಲೂ ಮಳೆ ಹೊಯ್ದ ಮರುದಿನ ಹುಲ್ಲಿನ ನಡುವೆ ಬಿಳಿ ಚೂರು ಏಳುತ್ತವೆ. ಬೇರೆ ಊರಿನವರು ಇವರ ತಂಡವನ್ನು 'ಟೀ ಅಂಗಡಿ' ಎಂದು ಚುಡಾಯಿಸುತ್ತಿದ್ದರಂತೆ.

ತಲೆಯ ಮೇಲೆ ಜನ ಕಾಲು ಬಡಿಯುತ್ತಿದ್ದರು. ಧಡ್, ಧಡ್, ಧಡಕ್. ಪ್ರತಿ ಮೂರನೇ ಏಟಿಗೂ ಸೂರಿನಿಂದ ಚಿಟಿಕೆ ಸುಣ್ಣ ಉದುರುತ್ತಿತ್ತು.

ಒಂದನೇ ಗಾಜು. ಉಳಿದಿತ್ತು. ಎರಡನೆಯದು, ಮೂರನೆಯದು, ನಾಲ್ಕನೆಯದು, ಎಲ್ಲ ಗಟ್ಟಿಯಾಗಿ ಕೂತಿದ್ದವು. ಅವನ ತಾರೀಕೇ, ಅವನ ಸೊಟ್ಟ ಅಂಕಿಗಳೇ. ಏಳನೆಯದರ ಮೇಲೆ ಬೆಳಕು ಹಾಯಿಸಿದಾಗ ಬಿರುಕಪ್ಪನ ಎದೆಯ ಮೇಲಿದ್ದ ಕಲ್ಲು ಇಳಿದಂತಾಯಿತು. ಭಾವನಿಗೆ ತಂಡ ಸಿಕ್ಕಿತು. ಸದ್ಯ, ತನ್ನ ಕೈಯಿಂದ ಕೆಟ್ಟದ್ದು ಆಗಲಿಲ್ಲ. ಗೋಡೆಯ ಬೆನ್ನು ತಟ್ಟುವವನಂತೆ, ಅವನು ಗಾಜಿನ ತುದಿಯ ಗಾರೆಯ ಮೇಲೆ ಹೆಬ್ಬೆರಳಿಟ್ಟ.

ಹೆಬ್ಬೆರಳು ಹೊಂದಲಿಲ್ಲ.

ಹಸಿ ಗಾರೆಯ ಮೇಲೆ ಕೊನೆಗೊಮ್ಮೆ ಹೆಬ್ಬೆರಳು ಒತ್ತುವುದು ಅಪ್ಪನ ಅಭ್ಯಾಸ. ಒತ್ತಿ "ನಿಲ್ಲು" ಎನ್ನುತ್ತಿದ್ದ. ಅದರಿಂದ ಗೋಡೆಗೇನೂ ಲಾಭವಿಲ್ಲ. ಆದರೂ ಮಗನಿಗೂ ಅದು ಅಂಟಿತ್ತು. ಬಿರುಕಪ್ಪನ ಎಡ ಹೆಬ್ಬೆರಳಿನ ತುದಿ ಕಲ್ಲಿನಡಿ ಸಿಕ್ಕಿ ಚಪ್ಪಟೆಯಾಗಿ ಮೂವತ್ತು ವರ್ಷವಾಗಿತ್ತು. ಅದರ ಗುರುತು ಸಣ್ಣ ಸೌಟಿನಂತೆ ಅಗಲ. ಇಲ್ಲಿದ್ದ ಗುರುತು ಚಿಕ್ಕದು, ದುಂಡಗಿನದು, ಆಳವಾದದ್ದು. ಅವನು ಆರನೆಯದನ್ನು ನೋಡಿದ. ಐದನೆಯದನ್ನು. ಓಡುತ್ತ ಮೊದಲನೆಯದರ ತನಕ ಬಂದ. ಏಳರಲ್ಲೂ ಅದೇ.

ಹಾಗೆ ಆಳವಾಗಿ ಒತ್ತುವ ಕೈ ಈ ಲೋಕದಲ್ಲಿ ಒಂದೇ. ಬೇಸಿಗೆ ರಜೆಯಲ್ಲಿ ಅಪ್ಪನ ಕೆಲಸದ ಜಾಗದಲ್ಲಿ ಅಕ್ಕ ತಮ್ಮ ಇಬ್ಬರೂ ಗಾಜು ಅಂಟಿಸುವಾಗ ಅಪ್ಪ ಅಕ್ಕನನ್ನು ಗದರುತ್ತಿದ್ದ: "ಹಿಟ್ಟಿಗೆ ಒತ್ತಿದ ಹಾಗೆ ಒತ್ಬೇಡ್ವೇ, ಗಾಜು ಬಿರುಕು ಬಿಟ್ಟೀತು!"

"ಒಳಗಿದ್ಯೇನೋ?" ಬಾಗಿಲಲ್ಲಿ ಅಕ್ಕ ನಿಂತಿದ್ದಳು, ಕೈಯಲ್ಲಿ ಮೂರು ಡಬ್ಬಿಯ ಟಿಫಿನ್ ಕ್ಯಾರಿಯರ್. ದಿನಾ ಮಧ್ಯಾಹ್ನ ಅವಳು ಗಂಡನಿಗೆ ಊಟ ತರುವುದು ಇದೇ ಓಣಿಗೆ. "ಊಟ ಮಾಡಿರಲ್ಲ ನೀನು. ಮುಖ ನೋಡಿದ್ರೇ ಗೊತ್ತಾಗುತ್ತೆ."

"ಅಕ್ಕಾ, ನಿನ್ನ ಹೆಬ್ಬೆರಳು ಕೊಡು ಇಲ್ಲಿ."

ಅವಳು ಕೊಡಲಿಲ್ಲ. ಕ್ಯಾರಿಯರಿನ ಹಿಡಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಮೇಲೆ ಡೋಲಿನವನು ಗತಿ ಬದಲಿಸಿದ. ಜನ ಹೋ ಎಂದರು.

"ಒತ್ತದೆ ಬಿಟ್ರೆ ನಿಂಗೆ ಗೊತ್ತಾಗುತ್ತೆ ಅಂತ ಒತ್ತಿದೆ ಕಣೋ," ಎಂದಳು.

"ಒತ್ತಿದ್ದಕ್ಕೇ ಗೊತ್ತಾಯ್ತು. ಎಷ್ಟು ಒಡೆದಿತ್ತು?"

ಅಕ್ಕ ಬೋರಲು ಹಾಕಿದ ಬಕೀಟಿನ ಮೇಲೆ ಕುಸಿದಳು. "ಮೊದಲು ಒಂದೇ ಒಂದು. ನಿಮ್ಮ ಭಾವ ಬಣ್ಣ ಹೊಡೀತಿದ್ರು, ಏಣಿ ತಾಗಿರ್ಬೇಕು ಅಂದ್ಕೊಂಡೆ. ಒಂದು ಏಣಿ ತಾಗಿದ್ದಕ್ಕೆ ಇಡೀ ಊರಿನ ಬಾಯಿಗೆ ಮಣ್ಣು ಬೀಳ್ಬೇಕಾ ಅನ್ನಿಸ್ತು. ಅಪ್ಪನ ಪೆಟ್ಟಿಗೇಲಿ ಹಳೇ ಗಾಜಿನ ಪಟ್ಟಿ ಇತ್ತಲ್ಲ, ತಂದು ಕೂರಿಸ್ದೆ. ಅವರಿಗೇನೂ ಹೇಳ್ಲಿಲ್ಲ."

"ಆಮೇಲೆ?"

"ಆಮೇಲೆ ಎರಡನೇದು. ಮೂರನೇದು."

"ಅವಕ್ಕೂ ಏಣಿ ತಾಗಿತ್ತಾ?"

"ಏಣಿ ಶೆಡ್ಡಲ್ಲಿತ್ತು." ಅವಳು ತಲೆ ಎತ್ತಲಿಲ್ಲ. "ಬೈಯೋ, ಬೈದ್ಬಿಡು. ಗೊತ್ತಿತ್ತು ನಂಗೆ. ಗಾರೆಯವನ ಮಗಳಿಗೆ ಗೊತ್ತಾಗಲ್ವಾ? ದಿನಾ ರಾತ್ರಿ ಆ ಮನುಷ್ಯ ನಿದ್ದೇಲಿ ಕಾಲು ಒದೀತಾರೆ, ಚೆಂಡು ಒದ್ದ ಹಾಗೆ. ಈ ಆರು ವಾರ ನಗ್ತಾ ಒದ್ದಿದ್ದಾರೆ. ಅದನ್ನ ನೋಡ್ಕೊಂಡು ಹೆಂಗೆ ಹೇಳ್ಲೋ?"

ಬಿರುಕಪ್ಪ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ. ಅವನಿಗೆ ಬೇಕಾಗಿದ್ದದ್ದು ಬೇರೆ. "ಒಡೆದ ಗಾಜು ಎಲ್ಲಿ ಬಿಸಾಕ್ದೆ?"

"ಬಿಸಾಕೋದಾ? ಅಪ್ಪ ಬಿಸಾಕ್ತಿದ್ನಾ?" ಅವಳು ಕ್ಯಾರಿಯರ್ ಬಿಚ್ಚಿದಳು. ಮೇಲಿನ ಎರಡು ಡಬ್ಬಿಯಲ್ಲಿ ಊಟ. ಮೂರನೆಯದರಲ್ಲಿ, ಬಟ್ಟೆಯ ಮೇಲೆ, ಗಾಜಿನ ತುಂಡುಗಳು ಸಾಲಾಗಿ ಮಲಗಿದ್ದವು. "ಇವತ್ತು ನಿಂಗೆ ಕೊಟ್ಟುಬಿಡ್ಬೇಕು ಅಂತಲೇ ತಂದೆ. ಬಾಗಿಲಿಗೆ ಬರೋವಾಗ ಧೈರ್ಯ ಹೋಯ್ತು." ಗೋಡೆಯ ಮೇಲೆ ಅವಳು ತಮ್ಮನ ಅಂಕಿಗಳನ್ನೇ ಅನುಕರಿಸಿ ಹಳೆಯ ತಾರೀಕನ್ನೇ ಗೀಚಿದ್ದಳು, ಆದರೆ ಒಡೆದ ಪ್ರತಿ ತುಂಡಿನ ಮೇಲೂ ಕೂರಿಸಿದ ದಿನ, ಒಡೆದ ದಿನ, ಎರಡನ್ನೂ ಸತ್ಯವಾಗಿ ಬರೆದಿಟ್ಟಿದ್ದಳು. ಅಪ್ಪ ಕಲಿಸಿದ್ದೇ ಹಾಗೆ.

ಅವನು ಟಾರ್ಚು ಹಿಡಿದು ಓದಿದ. ಮೊದಲ ಗಾಜು ಹದಿಮೂರು ದಿನ ಬಾಳಿತ್ತು. ಆಮೇಲಿನವು ಒಂಬತ್ತು ದಿನ. ಆಮೇಲೆ ಐದು. ಕೊನೆಯ ಸಾಲಿನವು ಮೂರೇ ದಿನ.

"ಈಗ ಗೋಡೇಲಿರೋ ಏಳು ಯಾವತ್ತಿನದು?"

"ಮೊನ್ನೆ ಹಾಕಿದ್ದು."

"ಏಳೂ?"

"ಏಳೂ."

ತಲೆಯ ಮೇಲೆ ಜನ ಒಟ್ಟಿಗೆ ಎದ್ದು ನಿಂತರೆಂದು ತೋರಿತು. ಸೂರು ಒಮ್ಮೆ ಉಸಿರೆಳೆದುಕೊಂಡಂತೆ ಆಯಿತು. ಟಕ್.

ಇಬ್ಬರೂ ತಿರುಗಿ ನೋಡಿದರು. ನಾಲ್ಕನೇ ಗಾಜು ನಡುವೆ ಸೀಳಿತ್ತು. ಅದರ ಹಿಂದೆಯೇ, ಗೋಡೆಯಿಂದಲ್ಲ, ಕಾಲಡಿಯ ನೆಲದಿಂದ, ಯಾರೋ ಕಲ್ಲುಸಕ್ಕರೆ ಅಗಿಯುವಂಥ ಸದ್ದು ಬಂತು. ಕರ್, ಕರ್. ನೆಲದೊಳಗಿನ ಹಳೆಯ ಕಪ್ಪುಬಸಿಗಳು ಒಂದನ್ನೊಂದು ಪುಡಿಮಾಡುತ್ತಿದ್ದವು.

"ಅಕ್ಕಾ, ಹೊರಗೆ ನಡಿ. ಡಬ್ಬಿ ತಗೋ. ಓಡಬೇಡ."

"ಸೈರನ್ ಒತ್ತಿಸ್ಲಾ? ನಿಮ್ಮ ಭಾವನ ಶೆಡ್ಡಲ್ಲೇ ಇದೆ."

"ಸೈರನ್ ಒತ್ತಿದ್ರೆ ಎಲ್ಲರೂ ಒಟ್ಟಿಗೆ ನುಗ್ತಾರೆ. ಗ್ಯಾಲರಿ ಬೀಳದಿದ್ರೂ ಅವರೇ ಬೀಳಿಸ್ತಾರೆ."

ಹೊರಗೆ ಬಿಸಿಲಿಗೆ ಬಂದಾಗ ಅವನ ತಲೆ ತಣ್ಣಗಿತ್ತು. ಗ್ಯಾಲರಿಯಿಂದ ಮೈದಾನಕ್ಕೆ ಇಳಿಯುವ ಗೇಟು ಒಂದೇ. ಹೆದರಿಸಿದರೆ ಕೆಟ್ಟಿತು. ಆಸೆ ತೋರಿಸಿ ಇಳಿಸಬೇಕು. ಅವನು ಮೈಕಿನ ಬಳಿ ನಿಂತಿದ್ದ ಅಧ್ಯಕ್ಷೆಯ ಕಿವಿಗೆ ಬಾಗಿದ. "ಮೇಡಂ, ಮುಖದಲ್ಲಿ ಏನೂ ತೋರಿಸ್ಬೇಡಿ. ಜನಾನ ಇಳಿಸ್ಬೇಕು, ಈಗಲೇ. ಕುಣೀಬಾರದು, ಓಡಬಾರದು. ಫೋಟೋ ತೆಗೀಬೇಕು ಅನ್ನಿ."

ಅವರು ಅವನ ಕಣ್ಣನ್ನೊಮ್ಮೆ ನೋಡಿದರು. ಚೆಂಡು ಯಾವ ಕಡೆ ಬರುತ್ತದೆಂದು ಕೇಳಿಕೊಂಡು ಹಾರಿದವರಲ್ಲ ಅವರು. ಮೈಕ್ ಎತ್ತಿದರು.

"ಇಂಥ ಜನಾನ ನಾನು ನೋಡೇ ಇಲ್ಲ! ನಿಮ್ಮ ಜೊತೆ ನಂಗೊಂದು ಫೋಟೋ ಬೇಕು. ಎಲ್ಲರೂ ಮೈದಾನಕ್ಕೆ ಇಳೀರಿ. ಕೆಳಗಿನ ಸಾಲು ಮೊದಲು, ಅದು ಇಳಿದ ಮೇಲೆ ಮುಂದಿನದು. ಚೀಲ, ಬಾವುಟ, ಡೋಲು ಎಲ್ಲ ಅಲ್ಲೇ ಇರ್ಲಿ. ನುಗ್ಗಿದವರು ಫೋಟೋದಲ್ಲಿ ಇರಲ್ಲ, ಈಗಲೇ ಹೇಳಿದ್ದೀನಿ!"

ಜನ ನಕ್ಕರು. ಇಳಿಯತೊಡಗಿದರು.

ಬಿರುಕಪ್ಪ ಗೇಟಿನ ಬಳಿ ನಿಂತು ಸಾಲು ಎಣಿಸಿದ. ಮೂರು, ನಾಲ್ಕು. ಒಬ್ಬ ಮುದುಕಿ ಮೆಟ್ಟಿಲಿಗೊಮ್ಮೆ ನಿಂತು ಮೊಮ್ಮಗಳಿಗೆ ಸೆರಗು ಸರಿಯಿದೆಯೇ ಎಂದು ಕೇಳುತ್ತಿದ್ದಳು. "ಚೆನ್ನಾಗಿದ್ದೀರಮ್ಮ, ಬನ್ನಿ," ಎಂದ. ಹನ್ನೊಂದನೇ ಸಾಲಿನವರು ತಲೆ ಬಾಚಿಕೊಳ್ಳುತ್ತ ಇಳಿದರು. ಹದಿನೆಂಟನೇ ಸಾಲಿನಲ್ಲಿ ನಾಲ್ಕು ಜನ ಕೈ ಕೈ ಹಿಡಿದು ಜಿಗಿದರು; ಅವನು ಕೂಗಲಿಲ್ಲ, ನಗುತ್ತಲೇ ಕೈ ಬೀಸಿ ಕರೆದ. ಕೊನೆಗೆ ಇಳಿದವನು ಡೋಲಿನವನು, ಊರಿನ ದರ್ಜಿ. ಡೋಲನ್ನು ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಅಡ್ಡ ಮಲಗಿಸಿ ಬಂದಿದ್ದ. ಇಪ್ಪತ್ತು ನಿಮಿಷವಾಗಿತ್ತು. ಇಪ್ಪತ್ತು ವರ್ಷವೆಂದರೂ ಬಿರುಕಪ್ಪ ನಂಬುತ್ತಿದ್ದ.

"ಭಾವ, ಗೇಟಿಗೆ ಬೀಗ ಹಾಕಿ."

"ಯಾಕೆ?" ಎಂದ ಭಾವ ಗೇಟು ಎಳೆದು ಬೀಗ ಹಾಕುತ್ತ, ಭಾವಮೈದುನನ ಹೆಗಲಿಗೆ ಕೈ ಹಾಕಿ, ಪಿಸುಮಾತಲ್ಲಿ. "ನಮಗೇ ತಾನೇ? ಫೋಟೋ ಅಂದ್ರೆ ನಮಗೇ ಅಂತ ತಾನೇ ಅರ್ಥ?"

"ಇಲ್ಲ ಭಾವ. ಗ್ಯಾಲರಿ ನೆಲದೊಳಗೆ ಕೂರ್ತಾ ಇದೆ. ತಂಡ ಗುಡ್ಡದ ಊರಿಗೆ ಹೋಗುತ್ತೆ."

ಭಾವನ ಕೈ ಹೆಗಲ ಮೇಲೆ ಹಾಗೇ ಇತ್ತು. "ಗಾಜು ನೆಟ್ಟಗಿದೆ. ನಾನೇ ನೋಡಿದ್ದೀನಿ."

"ಅದು ನನ್ನ ಗಾಜು ರೀ," ಎಂದಳು ಅಕ್ಕ, ಅವರ ಹಿಂದೆ. ಮೂರನೇ ಡಬ್ಬಿ ತೆರೆದು ಗಂಡನ ಮುಂದೆ ಹಿಡಿದಳು. ಊಟ ನೀಡುವವಳಂತೆಯೇ ಹಿಡಿದಳು. ಅವನು ಡಬ್ಬಿ ನೋಡಿದ, ಅವಳ ಮುಖ ನೋಡಿದ, ಮತ್ತೆ ಡಬ್ಬಿ ನೋಡಿದ. ಸಿಟ್ಟು ಯಾರ ಮೇಲೆ ತೀರಿಸಬೇಕೆಂದು ತಿಳಿಯದೆ ಅವನು ಗೇಟಿನ ಸರಳು ಹಿಡಿದುಕೊಂಡ.

ಅಷ್ಟರಲ್ಲಿ ದರ್ಜಿ ಬಂದ. "ಅಣ್ಣ, ಡೋಲು ಮೇಲೇ ಉಳೀತು. ಫೋಟೋಗೆ ಡೋಲಿಲ್ದೆ ಹೆಂಗೆ? ಎರಡು ನಿಮಿಷ, ತಂದುಬಿಡ್ತೀನಿ."

"ಹೋಗಯ್ಯಾ, ಹೋಗು!" ಭಾವ ಕೀಲಿ ತಿರುಗಿಸಿ ಗೇಟು ತೆರೆದ. "ನಲವತ್ತು ವರ್ಷದಿಂದ ನಿಂತಿದೆ ಇದು. ಕೂರುತ್ತಂತೆ, ಗ್ಯಾಲರಿ! ಬೆರಳಗಲ ಗಾಜು ನನಗೆ ಬುದ್ಧಿ ಹೇಳುತ್ತಾ?"

ಬಿರುಕಪ್ಪ ಗೇಟಿಗೆ ಅಡ್ಡ ನಿಂತ. ಭಾವ ಅವನ ಎದೆಗೆ ಕೈ ಇಟ್ಟು ತಳ್ಳಿದ. ದರ್ಜಿ ಇಬ್ಬರ ನಡುವೆ ನುಸುಳಿ ಒಂದು ಕಾಲನ್ನು ಮೊದಲ ಮೆಟ್ಟಿಲ ಮೇಲಿಟ್ಟ. ಆಗ ಮೇಲಿನಿಂದ ಒಂದು ಸದ್ದು ಬಂತು.

ಇಷ್ಟು ಹೊತ್ತು ತೆಪ್ಪಗೆ ಮಲಗಿದ್ದ ಡೋಲು, ಗಾಳಿಯಿಲ್ಲ, ಮುಟ್ಟಿದವರಿಲ್ಲ, ತಾನಾಗಿಯೇ ಅರ್ಧ ಸುತ್ತು ಹೊರಳಿತು. ಮೆಟ್ಟಿಲ ಅಂಚಿನಲ್ಲಿ ಒಂದು ಕ್ಷಣ ನಿಂತಿತು. ಆಮೇಲೆ ಇಳಿಯಿತು. ಧಡ್. ಮುಂದಿನ ಮೆಟ್ಟಿಲು. ಧಡ್. ಒಂದೊಂದೇ ಮೆಟ್ಟಿಲು, ಅವಸರವಿಲ್ಲದೆ, ಖಾಲಿ ಸಾಲುಗಳ ನಡುವೆ ಇಪ್ಪತ್ತೆರಡು ಸಲ ಬಡಿದುಕೊಂಡು ಬಂದು ದರ್ಜಿಯ ಕಾಲಿಗೆ ತಾಗಿ ನಿಂತಿತು. ಅವನು ಅದನ್ನು ಎತ್ತಿಕೊಳ್ಳಲಿಲ್ಲ. ಕಾಲು ಹಿಂದಕ್ಕೆ ತೆಗೆದುಕೊಂಡ.

ಗ್ಯಾಲರಿಯ ಹೊಟ್ಟೆಯೊಳಗೆ ಟಕ್ ಎಂದಿತು. ಮತ್ತೊಂದು. ಮತ್ತೊಂದು. ಅಕ್ಕ ಕಣ್ಣು ಮುಚ್ಚಿ ಎಣಿಸುತ್ತಿದ್ದಳೆಂದು ಕಾಣುತ್ತದೆ. ಮೂರನೆಯದಕ್ಕೆ ಅವಳ ತುಟಿ ನಿಂತಿತು.

ಭಾವ ಗೇಟು ಎಳೆದು ಬೀಗ ಹಾಕಿದ. ಎರಡು ಸಲ ಜಗ್ಗಿ ನೋಡಿದ. ಕೀಲಿಗೊಂಚಲಿನಿಂದ ಆ ಒಂದು ಕೀಲಿಯನ್ನು ಬಿಡಿಸಲು ಹೋಗಿ, ಆಗದೆ, ಇಡೀ ಗೊಂಚಲನ್ನೇ ಬಿರುಕಪ್ಪನ ಕೈಗೆ ತುರುಕಿದ. "ಬೀಗ ಹಾಕಿದವನು ನಾನೇ ಅಂತ ಬರ್ಕೊ," ಎಂದ. ಹೆಂಡತಿಯ ಕೈಯಿಂದ ಡಬ್ಬಿ ತೆಗೆದುಕೊಂಡು, ಅವಳ ಮುಖ ನೋಡದೆ ಮುಚ್ಚಳ ಹಾಕಿದ. ಅಷ್ಟರಲ್ಲಿ ಮೈಕ್ ಹಿಡಿದು ಗೇಟಿಗೆ ಬಂದಿದ್ದ ಅಧ್ಯಕ್ಷೆಯ ಕಡೆ ತಿರುಗಿದ. "ಮೈಕ್ ಕೊಡಿ ಮೇಡಂ. ಅವರಿಗೆ ನಾನು ಹೇಳ್ತೀನಿ."

ಗೇಟಿನ ಬಳಿ ಆದದ್ದನ್ನು ಕಂಡವರು ಆರೇಳು ಜನ. ಉಳಿದವರು ದೂರದಲ್ಲಿ, ಮೈದಾನದ ನಡುವೆ, ಎತ್ತರದವರು ಹಿಂದೆ, ಗಿಡ್ಡನೆಯವರು ಮುಂದೆ, ಸಾಲುಸಾಲಾಗಿ ನಿಂತು ಫೋಟೋಗೆ ನಗುತ್ತಿದ್ದರು. ಭಾವ ಮೈಕ್ ಹಿಡಿದು ತಮ್ಮ ಕಡೆ ನಡೆದು ಬರುವುದನ್ನು ಕಂಡದ್ದೇ ತಡ, ತಂಡ ತಮ್ಮ ಊರಿಗೇ ಬಂತೆಂದು ಅವರಿಗೆ ಖಾತ್ರಿಯಾಯಿತು. ಚಪ್ಪಾಳೆ ಶುರುವಾಯಿತು. ಆಮೇಲೆ ಡೋಲಿಲ್ಲದ ಕೊರತೆ ತುಂಬಲು ಎಲ್ಲರೂ ಒಟ್ಟಿಗೆ ಕಾಲು ಬಡಿಯತೊಡಗಿದರು. ಧಡ್, ಧಡ್, ಧಡಕ್.

ಬಿರುಕಪ್ಪ ಕೀಲಿಗೊಂಚಲು ಹಿಡಿದು ಹುಲ್ಲಿನ ಅಂಚಿನಲ್ಲಿ ನಿಂತಿದ್ದ. ಅವರ ಕಾಲು ನೆಲಕ್ಕೆ ಬಿದ್ದಾಗಲೆಲ್ಲ ಹುಲ್ಲಿನ ಕೆಳಗಿನಿಂದ ಆ ಅಗಿಯುವ ಸದ್ದು ಅವನ ಅಂಗಾಲಿಗೆ ಬಂದು ತಾಗುತ್ತಿತ್ತು.